ಪಿ ಎಂಬ ಕೊಳ

ಸೆಗೆದ್ ಊರಿನ ಜಲಮಾಪನ ಕಚೇರಿ, ಮೂರನೇ ಮಹಡಿ.
ಹೀಟರಿನ ಮೇಲೆ ಒಣಗಲಿಟ್ಟ ಬೆರ್ತಲಾನನ ಕೈಗವಸು.
ಕೆಳಗೆ ತಿಸಾ ನದಿ, ಹಿಮದ ಚೂರು ಹೊತ್ತು
ಯಾರ ಹೆಸರೂ ಕೇಳದೆ ದಕ್ಷಿಣಕ್ಕೆ ಹೊರಟಿದೆ.

ಇಪ್ಪತ್ತು ವರ್ಷದ ಹಳೆಯ ಕೋಡು.
ಮುನ್ನೂರ ಹನ್ನೆರಡು ಫಂಕ್ಷನ್ನು,
ಒಂದೊಂದಕ್ಕೂ ಕೊನೆಯಲ್ಲೊಂದು ಪ್ಯಾರಾಮೀಟರು: ಪೂಲ್.
ಕೆಲವೆಡೆ ಬರೀ ಪಿ.
ಮೆಮೊರಿಯ ಕೊಳ ಅದು. ಬೇಕಾದಷ್ಟು ಮೊಗೆದುಕೋ,
ಮುಗಿದ ಮೇಲೆ ಕೊಳಕ್ಕೆ ಕೊಳವೇ ಬರಿದು;
ಕೊಡ ಕೊಡವಾಗಿ ಯಾರೂ ಹಿಂದೆ ಸುರಿಯುವುದಿಲ್ಲ.

ಯಾರ ಕೊಳ? ಎಷ್ಟು ಹೊತ್ತಿನ ಕೊಳ?
ಪಿ ಹೇಳುವುದಿಲ್ಲ.
ಬಾಗಿಲಿಗೆ ‘ಬಾಗಿಲು’ ಎಂದು ಚೀಟಿ ಅಂಟಿಸಿದ ಹಾಗೆ.

ಫೆಬ್ರವರಿಯ ಒಂದು ಮಂಗಳವಾರ ರಾತ್ರಿ
ಪರದೆಯ ಮೇಲೆ ನದಿ ಒಮ್ಮೆಲೇ ನಾಲ್ಕು ಮೀಟರು ಇಳಿಯಿತು.
ಕಾವಲಿನವನು ಟಾರ್ಚು ಹಿಡಿದು ಮೆಟ್ಟಿಲಿಳಿದು ನೋಡಿದ.
ನೀರು ಇದ್ದಲ್ಲೇ ಇತ್ತು, ಅವನ ಬೂಟಿನ ತುದಿ ನೆಕ್ಕುತ್ತ.
ನಾನು ಬರೆದ ಫಂಕ್ಷನ್ನು
ಅಳತೆ ಓದಿ, ಲೆಕ್ಕ ಹಾಕಿ,
ಇನ್ನೇನು ಬರಿದಾಗಲಿದ್ದ ಕೊಳದಲ್ಲಿ
ಉತ್ತರವನ್ನಿಟ್ಟು ಮರಳಿತ್ತು.
ಲೂಪಿನ ಮುಂದಿನ ಸುತ್ತಿಗೆ ಅದೇ ಜಾಗದಲ್ಲಿ
ಬೇರೊಂದು ಠಾಣೆಯ ಅಂಕಿ ಬಂದು ಕೂತಿತ್ತು.
ವಿಳಾಸ ಸರಿಯಾಗೇ ಇತ್ತು. ಮನೆಯಲ್ಲಿ ಬೇರೆಯವರಿದ್ದರು.

ಬೆರ್ತಲಾನ್ ಬೈಯಲಿಲ್ಲ.
ಸೂರ್ಯಕಾಂತಿ ಬೀಜ ಕಡಿಯುತ್ತ
ಬಿಳಿಹಲಗೆಯ ಮೇಲೆ ಎರಡು ಹೆಸರು ಬರೆದ:
ರಿಸಲ್ಟ್ ಪೂಲ್. ಸ್ಕ್ರ್ಯಾಚ್ ಪೂಲ್.
“ಕರೆದವರಿಗೆ ಒಪ್ಪಿಸುವುದು ಇದರಲ್ಲಿ.
ನಡುವೆ ಗೀಚಿ ಒರೆಸುವುದು ಅದರಲ್ಲಿ.
ಉಳಿಯುವುದು ಮೊದಲು, ಅಳಿಯುವುದು ಕೊನೆಗೆ.
ಒಂದೇ ಕೊಳ ಸಾಕೆನ್ನುವವಕ್ಕೂ
ಯಾವುದೆಂದು ಹೇಳುವ ಹೆಸರಿರಲಿ. ಪಿ ಇನ್ನು ಬೇಡ.”
ಪಿ ಇಟ್ಟವನು ಅವನೇ.
“ಆಗ ಪರದೆ ಕಿರಿದು, ನನಗೆ ಅವಸರ.”
ಅಷ್ಟೇ ಅವನ ತಪ್ಪೊಪ್ಪಿಗೆ.

ದಿನಕ್ಕೆ ಹದಿನೈದರಂತೆ ಹೆಸರು ಬದಲಿಸುತ್ತ ಕೂತೆ.
ಗುಂಡಿ ಒತ್ತಿ ಎಲ್ಲ ಒಟ್ಟಿಗೆ ಬದಲಿಸುವ ಕೆಲಸವಲ್ಲ;
ಒಂದೊಂದನ್ನೂ ನಿಲ್ಲಿಸಿ ಕೇಳಬೇಕು:
ನಿನ್ನೊಳಗೆ ಹುಟ್ಟಿದ್ದರಲ್ಲಿ
ಯಾವುದು ನಿನ್ನ ಆಚೆಗೂ ಇರಬೇಕು?
ಕೆಲವು ಹೇಳಿದವು. ಕೆಲವಕ್ಕೆ ತಮಗೇ ಗೊತ್ತಿರಲಿಲ್ಲ.

ಹೊಸದಾಗಿ ಸೇರಿದ ಡಚ್ ಹುಡುಗ ಯೋರಿಸ್ ಕೇಳಿದ:
ನಿಮ್ಮಲ್ಲಿ ಮನೆತನದ ಹೆಸರು ಯಾಕೆ ಮುಂದೆ,
ನಿನ್ನದು ಯಾಕೆ ಹಿಂದೆ, ಚೋರ್ಬಾ ಬೊರೋಕಾ?
ತಮಾಷೆಗೆ ಹಲಗೆಯ ಕಡೆ ಕೈ ತೋರಿಸಿದೆ.
ಉಳಿಯುವುದು ಮೊದಲು, ಅಳಿಯುವುದು ಕೊನೆಗೆ.
ಅವನು ನಕ್ಕ. ನಾನೂ ನಕ್ಕೆ.
ನಗು ಟ್ರಾಮಿನ ತನಕ ಬಂತು, ಒಳಗೆ ಹತ್ತಲಿಲ್ಲ.

ಟ್ರಾಮಿನಲ್ಲಿ ಕಣ್ಣಿಗೆ ಕಟ್ಟಿದ್ದು ಅಜ್ಜಿಯ ಅಂಚೆಪೆಟ್ಟಿಗೆ.
ಹಿತ್ತಾಳೆಯ ತಗಡಿನ ಮೇಲೆ: ಚೋರ್ಬಾ ವೆನ್ಸೆಲ್‌ನೇ.
ಎಂದರೆ ಚೋರ್ಬಾ ವೆನ್ಸೆಲನ ಹೆಂಡತಿ.
ಗಂಡನ ಮನೆತನ, ಗಂಡನ ಹೆಸರು, ಬಾಲಕ್ಕೊಂದು ‘ನೇ’.
ಪಿಂಚಣಿ ಪುಸ್ತಕದಲ್ಲೂ ಅದೇ,
ಆಸ್ಪತ್ರೆಯ ಮಂಚದ ಚೀಟಿಯಲ್ಲೂ ಅದೇ.
ಐವತ್ತಾರು ವರ್ಷ ಮೊಗೆದು ಮೊಗೆದು ಬಡಿಸಿದವಳನ್ನು
ಯಾವ ಕೊಳದಲ್ಲಿ ಇಟ್ಟಿದ್ದರು?

ಅಪ್ಪನಿಗೆ ಫೋನು ಮಾಡಿದೆ. ಅಜ್ಜಿಯ ಹೆಸರೇನು?
“ಅಜ್ಜಿ,” ಎಂದ.
ಅದಲ್ಲ, ಹೆಸರು.
ತುಸು ಹೊತ್ತು ಫೋನಿನೊಳಗೆ
ಅಡುಗೆಮನೆಯ ನಲ್ಲಿ ಮಾತ್ರ ಸುರಿಯಿತು.
“ಎತೆಲ್ಕಾ,” ಎಂದ, “ಮದುವೆಗೆ ಮುಂಚೆ ಸಿಲಾಶಿ ಎತೆಲ್ಕಾ. ಯಾಕೆ?”
ಸುಮ್ಮನೆ, ಎಂದೆ.

ಮಾರನೆಯ ಬೆಳಿಗ್ಗೆ ನೂರ ನಲವತ್ತೊಂದನೆಯ ಫಂಕ್ಷನ್ನು.
ಸಣ್ಣದು. ನೀರಿನ ಮಟ್ಟ ಓದುತ್ತದೆ,
ಕೇಳಿದವರಿಗೆ ಕೊಡುತ್ತದೆ, ಇಲ್ಲವಾಗುತ್ತದೆ.
ಪಿ ಅಳಿಸಿದೆ. ಎರಡು ಹೆಸರು ಬರೆದೆ,
ಕ್ರಮ ತಪ್ಪದಂತೆ.
ಟಿಪ್ಪಣಿಯಲ್ಲಿ ರೂಢಿಯಂತೆ ಒಂದು ಸಾಲು:
ಹೆಸರು ಮಾತ್ರ ಬದಲು;
ನಡವಳಿಕೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ.